ಹೆಂಚು ಇಳಿಸುವ ಮುನ್ನ

ತೀರ್ಥಹಳ್ಳಿ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: ‘ಮುತ್ತಜ್ಜನ ಕಾಲದ ಹೆಂಚಿನ ಮನೆ ಕೆಡವಿ, ಆರ್‌ಸಿಸಿ ಮನೆ ಕಟ್ಟಿಸಿ, ಎರಡು ಕೋಣೆಗೆ ಎ.ಸಿ. ಹಾಕಿಸಬೇಕೆಂದಿದ್ದೇನೆ. ಬೇಸಿಗೆಯ ಸೆಕೆ ತಡೆಯುವಂತಿಲ್ಲ. ಅಪ್ಪಯ್ಯ ಮಾತ್ರ ಒಪ್ಪುತ್ತಿಲ್ಲ. ನೀವಾದರೂ ಅವರಿಗೆ ತಿಳಿಹೇಳಿ.’

ಬೇಸರಿಸಬೇಡಿ, ನಾನು ನಿಮ್ಮ ಅಪ್ಪಯ್ಯನವರ ಕಡೆ.

ನಿಮ್ಮ ಕಷ್ಟ ನನಗೆ ಗೊತ್ತು. ಮಂಗಗಳು ಹೆಂಚು ಒಡೆಯುತ್ತವೆ, ಮಳೆಗೆ ಮುಂಚೆ ಹೆಂಚು ಕೈಯಾಡಿಸಲು ಆಳು ಸಿಗುವುದಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದವರೋ ಎಳೆಗೂಸೋ ಇದ್ದರೆ ಒಂದು ಕೋಣೆಗೆ ಎ.ಸಿ. ಇರಲಿ.

ಆದರೆ ಸೆಕೆಗೆ ಹೆದರಿ ಆರ್‌ಸಿಸಿಯ ಕೆಳಗೆ ಹೋಗುತ್ತೇನೆ ಎಂದಿರಲ್ಲ! ಶಿವಮೊಗ್ಗದಲ್ಲಿ ಯಾರದಾದರೂ ತಾರಸಿಯ ಮೇಲೆ ಏಪ್ರಿಲ್ ತಿಂಗಳ ಸಂಜೆ ಏಳಕ್ಕೆ ಬರಿಗಾಲಲ್ಲಿ ನಿಂತು ನೋಡಿ. ಹಗಲೆಲ್ಲ ಕುಡಿದ ಬಿಸಿಲನ್ನು ಆ ಕಾಂಕ್ರೀಟು ನೀವು ಮಲಗಿದ ಮೇಲೆ ಕೋಣೆಯೊಳಕ್ಕೆ ಬಿಡುತ್ತದೆ. ಹೆಂಚು ತೆಳು, ಹೊತ್ತು ಮುಳುಗಿದ ಸ್ವಲ್ಪ ಹೊತ್ತಿಗೇ ಆರುತ್ತದೆ. ಅದರ ಸಂದುಗಳಿಂದ ಬಿಸಿಗಾಳಿ ಹೊರಗೆ ಹೋಗುತ್ತದೆ. ಹೆಂಚಿಗೂ ನಿಮ್ಮ ತಲೆಗೂ ನಡುವೆ ಅಟ್ಟವಿದೆ, ಕಾವನ್ನು ಅದೇ ತಡೆಯುತ್ತದೆ. ಮುಂದಕ್ಕೆ ಚಾಚಿದ ಸೂರಿನಿಂದಾಗಿ ಜಂಬಿಟ್ಟಿಗೆಯ ಗೋಡೆಗೆ ನಡುಹಗಲಿನ ಬಿಸಿಲು ತಾಗುವುದೇ ಇಲ್ಲ.

ಹೊಸನಗರದ ಬಳಿಯ ನನ್ನ ಅಜ್ಜಿಯ ಮನೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಊಟ ಮುಗಿಸಿ ನಾವು ಮಕ್ಕಳು ಜಗುಲಿಯ ಕೆಂಪು ನೆಲಕ್ಕೆ ಕೆನ್ನೆಯಿಟ್ಟು ಮಲಗುತ್ತಿದ್ದೆವು. ಕೆನ್ನೆಯಡಿಯ ಜಾಗ ಬೆಚ್ಚಗಾದರೆ ಒಂದು ಮಾರು ಆಚೆಗೆ ಹೊರಳಿದರಾಯಿತು. ಅಂಗಳದ ಚಪ್ಪರಕ್ಕೆ ಅಡಿಕೆ ಸೋಗೆ ಹೊದೆಸಿರುತ್ತಿತ್ತು. ನಾಲ್ಕು ಗಂಟೆಗೆ ಅಜ್ಜಿ ಅದರಡಿ ನೀರು ಚಿಮುಕಿಸಿದರೆ ಮಣ್ಣಿನ ವಾಸನೆಯ ಜೊತೆ ತಂಪುಗಾಳಿ ಒಳಗೆ ಬರುತ್ತಿತ್ತು. ಆ ಮನೆಗೆ ಫ್ಯಾನು ಬಂದದ್ದೇ ನಾನು ಕಾಲೇಜಿಗೆ ಹೋದ ಮೇಲೆ.

ನಾನು ಅಚ್ಚಿನ ಕಸುಬಿನವನು. ಆದ್ದರಿಂದ ಒಂದು ಮಾತು. ಅಮೆರಿಕದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ಈ ಎ.ಸಿ. ಯಂತ್ರವನ್ನು ರೂಪಿಸಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕಾಗಿ. ತೇವಕ್ಕೆ ಕಾಗದ ಹಿಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರುತ್ತಿರಲಿಲ್ಲ. ಆಷಾಢದಲ್ಲಿ ಮಲೆನಾಡಿನ ಪ್ರೆಸ್ಸಿನಲ್ಲಿ ನಿಂತ ಯಾರಿಗೂ ಆ ಪಾಡು ಗೊತ್ತು. ಕಾಗದಕ್ಕೆ ಅದು ಬೇಕಿತ್ತು. ವರ್ಷದಲ್ಲಿ ಎರಡು ತಿಂಗಳು ಬೆವರುವ ನಿಮಗೆ ಅಷ್ಟು ಬೇಕೇ?

ಈಚೆಗೆ ಶಿವಮೊಗ್ಗದ ಸ್ನೇಹಿತರೊಬ್ಬರ ಮನೆಯಲ್ಲಿ ಉಳಿದಿದ್ದೆ. ಎ.ಸಿ.ಯನ್ನು 18ಕ್ಕಿಟ್ಟು ಮನೆಮಂದಿಯೆಲ್ಲ ಕಂಬಳಿ ಹೊದ್ದಿದ್ದರು! 2020ರಿಂದ ಹೊಸ ಎ.ಸಿ.ಗಳು ತಾವಾಗಿ 24 ಡಿಗ್ರಿಯಲ್ಲಿ ಶುರುವಾಗಬೇಕೆಂಬ ನಿಯಮವಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಜಿಲ್ಲೆಯವರಿಗೆ ವಿದ್ಯುತ್ತೆಂದರೆ ಬರೀ ಬಿಲ್ಲಿನ ಮಾತಲ್ಲ. ವಿದ್ಯುತ್ತಿಗಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ತುಂಬಿದಾಗ ಊರು, ಗದ್ದೆ, ತೋಟ ಎಲ್ಲ ಶರಾವತಿಯ ಪಾಲಾಯಿತು. ಹೀಗೆಯೇ ಹೆಂಚು ಹೊದ್ದ ಮನೆಗಳೂ ಮುಳುಗಿದವು. ಅಲ್ಲಿಂದ ಎದ್ದುಬಂದವರಲ್ಲಿ ಅನೇಕ ಕುಟುಂಬಗಳು ಇಂದಿಗೂ ಹಕ್ಕುಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿವೆ. ಅವರ ನೆಲ ಮುಳುಗಿಸಿ ತಂದ ಬೆಳಕನ್ನು ಕಂಬಳಿ ಹೊದೆಯಲು ಸುಡುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನಿಮ್ಮ ಮೇಲಲ್ಲ. ನೀವು ಕೇಳಿದಿರಿ, ಎಷ್ಟೋ ಜನ ಕೇಳದೆಯೇ ಕೆಡವುತ್ತಾರೆ. ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿಗೆ ಬರೆದ ನಕ್ಷೆಯನ್ನು ತೋಟದ ಮನೆಗೆ ತಂದು ಕೊಡುವ ಎಂಜಿನಿಯರುಗಳು ಸೂರಿಲ್ಲದ ಗೋಡೆ ಎಬ್ಬಿಸುತ್ತಾರೆ. ನಾಲ್ಕೇ ಮಳೆಗಾಲಕ್ಕೆ ಅದು ಪಾಚಿಗಟ್ಟುತ್ತದೆ. ಕೊನೆಗೆ ಸೋರುವ ತಾರಸಿಯ ಮೇಲೆ ತಗಡಿನ ಮಾಡು ಹೊದೆಸುತ್ತಾರೆ. ಮಾಡೇ ಬೇಕಿದ್ದರೆ ಮೊದಲಿದ್ದದ್ದನ್ನು ಇಳಿಸಿದ್ದೇಕೆ?

ಅಡುಗೆಮನೆ, ಬಚ್ಚಲುಮನೆ ಹೊಸದಾಗಿ ಕಟ್ಟಿಸಿ, ಬೇಡವೆನ್ನುವುದಿಲ್ಲ. ಕತ್ತಲೆಯೆನಿಸಿದರೆ ನಾಲ್ಕು ಗಾಜಿನ ಹೆಂಚು ಕೂರಿಸಿ. ಮುಂದಿನ ಭಾನುವಾರ ಅಪ್ಪಯ್ಯನವರನ್ನು ಏಣಿಯ ಬುಡದಲ್ಲಿ ಕೂರಿಸಿ ನೀವೇ ಅಟ್ಟ ಹತ್ತಿ. ಯಾವ ಪಕಾಸಿಗೆ ಗೆದ್ದಲು ಹಿಡಿದಿದೆ, ಯಾವ ರೀಪು ಬದಲಾಗಬೇಕು ಎಂದು ಅವರು ಕೆಳಗಿನಿಂದಲೇ ಹೇಳುತ್ತಾರೆ. ಬರೆದುಕೊಂಡು ಬಡಗಿಯ ಹತ್ತಿರ ಲೆಕ್ಕ ಹಾಕಿಸಿ, ನನಗೂ ಒಂದು ಪ್ರತಿ ಕಳಿಸಿ.

— ಸಂಪಾದಕ