ಸಂಪಾದಕರ ಉತ್ತರ: ರಕ್ತ ಕಡಿಮೆಯಾಯಿತು ಸರಿ, ಹೋಗಿದ್ದೆಲ್ಲಿಗೆ?

ಪ್ರಿಯ ಸೋದರಿ,

ಹಿಮೋಗ್ಲೋಬಿನ್ 8.9 ಎಂದು ವರದಿ ಬಂತು, ಒಂದು ತಿಂಗಳು ಕಬ್ಬಿಣಾಂಶದ ಮಾತ್ರೆ ನುಂಗಿದಿರಿ, ಚೇತರಿಸಿಕೊಂಡಂತೆ ಅನ್ನಿಸಿದ್ದೇ ತಡ ಬಿಟ್ಟುಬಿಟ್ಟಿರಿ. ಆರೇ ತಿಂಗಳಿಗೆ ಮತ್ತೆ ಅದೇ ಸುಸ್ತು. "ನನ್ನ ರಕ್ತವೇ ಇಷ್ಟೇನಾ?" ಎಂದು ಕೇಳಿದ್ದೀರಿ.

ಖಂಡಿತ ಅಲ್ಲ. ನಾನು ವೈದ್ಯನಲ್ಲ, ಆದರೂ ನಿಮ್ಮ ಪತ್ರದ ಕೊನೆಯ ಎರಡು ಸಾಲು ನನ್ನನ್ನು ಹಿಡಿದು ನಿಲ್ಲಿಸಿದವು. ಮುಟ್ಟು ಎಂಟು ದಿನ ಇರುತ್ತದೆ, "ಮೊದಲಿಂದಲೂ ಹಾಗೇ" ಎಂದಿದ್ದೀರಿ. ಫ್ರಿಜ್ಜಿನ ಐಸ್ ಕಟಕಟ ಅಗಿಯಬೇಕು ಅನ್ನಿಸುತ್ತದೆ ಎಂದೂ ಬರೆದಿದ್ದೀರಿ. ಐಸ್, ಸೀಮೆಸುಣ್ಣ, ಮಣ್ಣು ತಿನ್ನುವ ಬಯಕೆ ಹಲವು ಸಲ ಕಬ್ಬಿಣಾಂಶದ ಕೊರತೆಯ ಗುರುತು. ಕೊರತೆ ನೀಗಿದರೆ ಅದೂ ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ. ನಾಚಿಕೆಪಟ್ಟು ಎಷ್ಟೋ ಜನ ಇದನ್ನು ಬಾಯಿಬಿಡುವುದೇ ಇಲ್ಲ.

ಲೆಕ್ಕ ನೋಡಿ. ಊಟದಿಂದ ದಿನಕ್ಕೆ ಮೈಗೆ ಹತ್ತುವ ಕಬ್ಬಿಣ 1ರಿಂದ 2 ಮಿಲಿಗ್ರಾಂ ಮಾತ್ರ. ಒಂದು ಮಿಲಿಲೀಟರ್ ರಕ್ತ ಹೋದರೆ ಸುಮಾರು ಅರ್ಧ ಮಿಲಿಗ್ರಾಂ ಹೋಯಿತು. ಮುಟ್ಟಿನ ಸ್ರಾವ ತಿಂಗಳಿಗೆ 80 ಮಿಲಿಲೀಟರ್ ದಾಟಿದರೆ ಆದಾಯಕ್ಕಿಂತ ಖರ್ಚೇ ಹೆಚ್ಚು. ಇದು ವರ್ಷಗಟ್ಟಲೆ ನಡೆದರೆ ಮೈ ಹೇಗೋ ಹೊಂದಿಕೊಳ್ಳುತ್ತದೆ. ಮೆಟ್ಟಿಲ ನಡುವೆ ನಿಂತು ಉಸಿರೆಳೆದುಕೊಳ್ಳುವುದು, ಎದೆ ಡವಡವ ಅನ್ನುವುದು, ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಳ್ಳುವುದು, ಎಲ್ಲವೂ ರೂಢಿಯಾಗಿಬಿಡುತ್ತವೆ. ಮನೆಯವರು ಸೋಮಾರಿತನ ಎನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮಾತ್ರೆ ಬೇಗ ಬಿಟ್ಟದ್ದೂ ತಪ್ಪಾಯಿತು. ಹಿಮೋಗ್ಲೋಬಿನ್ 12 ಮುಟ್ಟಿದರೂ ಮೈಯೊಳಗಿನ ಕಬ್ಬಿಣದ ದಾಸ್ತಾನು ಖಾಲಿಯೇ ಇರಬಹುದು. ಅದನ್ನು ತುಂಬಿಸಲು ಸಾಮಾನ್ಯವಾಗಿ ಇನ್ನೂ ಮೂರು ತಿಂಗಳು ಮುಂದುವರಿಸಲು ಹೇಳುತ್ತಾರೆ. ದಾಸ್ತಾನು ಎಷ್ಟಿದೆ ಎಂದು ಫೆರಿಟಿನ್ ಪರೀಕ್ಷೆ ತಿಳಿಸುತ್ತದೆ. ಮಾತ್ರೆಯ ಜೊತೆಗೆ ಕಾಫಿ, ಟೀ ಬೇಡ, ಕಬ್ಬಿಣ ಮೈಗೆ ಹತ್ತಲು ಅವು ಬಿಡುವುದಿಲ್ಲ.

ಎಲ್ಲ ರಕ್ತಹೀನತೆಗೂ ಕಬ್ಬಿಣವೇ ಮದ್ದಲ್ಲ. ಬಿ12 ಇಲ್ಲವೇ ಫೋಲೇಟ್ ಎಂಬ ವಿಟಮಿನ್‌ಗಳ ಕೊರತೆ, ಮೂತ್ರಪಿಂಡದ ಕಾಯಿಲೆ, ಹುಟ್ಟಿನಿಂದ ಬರುವ ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆ, ಇವೂ ಕಾರಣವಾಗಬಹುದು. ಗಂಡಸರಲ್ಲಿ, ಮುಟ್ಟು ನಿಂತವರಲ್ಲಿ ಕಬ್ಬಿಣ ಕಡಿಮೆಯಾದರೆ ಹೊಟ್ಟೆ, ಕರುಳಿನಲ್ಲಿ ರಕ್ತ ಸೋರುತ್ತಿದೆಯೇ ಎಂದು ನೋಡಲೇಬೇಕು.

ಸುಮ್ಮನೆ ಕೂತಿದ್ದರೂ ಏದುಸಿರು, ಎದೆನೋವು ಬಂದರೆ, ತಲೆ ಸುತ್ತಿ ಬಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಹಾಗಿಲ್ಲದಿದ್ದರೂ ಈ ವಾರವೇ ವೈದ್ಯರನ್ನು ಕಾಣಿ. ವರದಿ ಚೀಲದಿಂದ ತೆಗೆಯುವ ಮುಂಚೆಯೇ ಆ ಎಂಟು ದಿನದ ವಿಷಯ ಹೇಳಿ. ಐಸ್ ವಿಷಯವನ್ನೂ.

ಸಂಪಾದಕ