ಫೈಟರ್ ಮರಿಗಳು ವಾರದೊಳಗೆ ಸಾಯುವುದೇಕೆ?

ಪ್ರಶ್ನೆ: ನಮ್ಮ ಫೈಟರ್ ಮೀನು ನೊರೆಗೂಡು ಕಟ್ಟಿ ನೂರಾರು ಮರಿ ಮಾಡಿತು. ಬೇಯಿಸಿದ ಕೋಳಿಮೊಟ್ಟೆಯ ಹಳದಿ ಕದಡಿ ಹಾಕಿದೆ. ಐದಾರು ದಿನದಲ್ಲಿ ಒಂದೂ ಉಳಿಯಲಿಲ್ಲ. ನೀರು ಮನೆಯ ಸುರಂಗದ್ದು (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು). ತಪ್ಪಿದ್ದೆಲ್ಲಿ?
– ಓದುಗರು, ಬದಿಯಡ್ಕ

ಉತ್ತರ: ನಿಮ್ಮ ಮರಿಗಳಿಗೆ ಮುಳುವಾದದ್ದು ಆ ಹಳದಿಯೇ ಇರಬೇಕು. ಗಾಳಿ ಕುಡಿಯುವ ಅಂಗ ಫೈಟರ್‌ಗೆ ಹುಟ್ಟುವಾಗಲೇ ಇರುವುದಿಲ್ಲ, ಬೆಳೆಯಲು ಮೂರು ವಾರವಾದರೂ ಬೇಕು. ಅಲ್ಲಿವರೆಗೆ ಕಿವಿರೇ ಗತಿ. ತಿನ್ನದೆ ಉಳಿದ ಹಳದಿ ಕೊಳೆತರೆ ಬ್ಯಾಕ್ಟೀರಿಯಾ ಹೆಚ್ಚಿ ನೀರಿನ ಆಮ್ಲಜನಕವನ್ನು ಹೀರಿಬಿಡುತ್ತವೆ.

ಮರಿಗೆ ಜೀವಂತ ಆಹಾರವೇ ಬೇಕು, ಅದರ ತಯಾರಿ ಜೋಡಿ ಬಿಡುವ ಮೊದಲೇ ಆಗಬೇಕು. ಹಳೆಯ ತೊಟ್ಟಿಯ ಒಂದು ಲೀಟರ್ ನೀರಿಗೆ ಒಂದು ಹಿಡಿ ಬೈಹುಲ್ಲು ಹಾಕಿ ನೆರಳು-ಬೆಳಕಿನಲ್ಲಿಡಿ. ಮೊದಲು ಹಾಲಿನಂತೆ ಕದಡಿ ನಾರುತ್ತದೆ, ಆಗ ಮುಟ್ಟಬೇಡಿ. ನಾಲ್ಕೈದು ದಿನಕ್ಕೆ ತಿಳಿಯಾದ ಮೇಲೆ ಟಾರ್ಚ್ ಹಿಡಿದರೆ ಬಿಳಿ ಧೂಳಿನಂಥದ್ದು ಓಡಾಡುವುದು ಕಾಣುತ್ತದೆ. ಅದೇ ಇನ್‌ಫ್ಯುಸೋರಿಯಾ, ಅಂದರೆ ಮರಿ ತಿನ್ನುವ ಸೂಕ್ಷ್ಮಜೀವಿಗಳು.

ಮೊಟ್ಟೆ 24ರಿಂದ 48 ಗಂಟೆಯಲ್ಲಿ ಒಡೆಯುತ್ತದೆ. ಗೂಡಿನಡಿ ಬಾಲ ಕೆಳಗಾಗಿ ನೇತಾಡುವಷ್ಟು ದಿನ ಮರಿಗೆ ಏನೂ ಹಾಕಬಾರದು. ಅಡ್ಡಲಾಗಿ ಈಜಿದ ದಿನವೇ ಗಂಡನ್ನು ತೆಗೆದು (ಹೆಣ್ಣನ್ನು ಮೊಟ್ಟೆಯಿಟ್ಟ ಕೂಡಲೇ ತೆಗೆದಿರಬೇಕು) ಈ ನೀರನ್ನು ದಿನಕ್ಕೆ ಮೂರು ಹೊತ್ತು ಸ್ವಲ್ಪ ಸ್ವಲ್ಪ ಕೊಡಿ.

ಈಜತೊಡಗಿದ ನಾಲ್ಕನೆಯ ದಿನದಿಂದ ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿಯ ಮರಿ. ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು, ಅರ್ಧ ಚಮಚ ಆರ್ಟೀಮಿಯಾ ಮೊಟ್ಟೆ, ಬಿಡದೆ ಏರ್ ಪಂಪ್. 28 ಡಿಗ್ರಿಯಲ್ಲಿ ಒಂದೂವರೆ ದಿನದೊಳಗೆ ಒಡೆಯುತ್ತದೆ. ಪಂಪ್ ನಿಲ್ಲಿಸಿದರೆ ಸಿಪ್ಪೆ ತೇಲಿ, ಕಿತ್ತಳೆ ಮರಿಗಳು ತಳದಲ್ಲಿ ಕೂರುತ್ತವೆ. ಅವನ್ನಷ್ಟೇ ಸಣ್ಣ ಕೊಳವೆಯಲ್ಲಿ ಎಳೆದು, ಬಟ್ಟೆಯಲ್ಲಿ ಸೋಸಿ, ಸಿಹಿನೀರಲ್ಲಿ ತೊಳೆದು ಹಾಕಿ. ಸಿಪ್ಪೆ ನುಂಗಿದರೆ ಕರುಳು ಕಟ್ಟುತ್ತದೆ. ಮೀನುಮರಿಯ ಹೊಟ್ಟೆ ಕಿತ್ತಳೆಯಾಗಿ ಉಬ್ಬಿದ್ದರೆ ಸಾಕು.

ಸುರಂಗದ ನೀರು ಒಳ್ಳೆಯದೇ, ಆದರೆ ಆಗಷ್ಟೇ ಹಿಡಿದದ್ದರಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿರಬಹುದು, ತಂಪೂ ಜಾಸ್ತಿ. ಒಂದು ದಿನ ಗಾಳಿಯಾಡಿಸಿ, ತೊಟ್ಟಿಯಷ್ಟೇ ಬೆಚ್ಚಗಾದ ಮೇಲೆ ಹನಿಹನಿಯಾಗಿ ಸೇರಿಸಿ. ಒಮ್ಮೆಗೆ ಹತ್ತರಲ್ಲೊಂದು ಪಾಲು ಬದಲಾಯಿಸಿದರೆ ಸಾಕು. ನೀರಿನ ಆಳ 15 ಸೆಂ.ಮೀ. ಮೀರದಿರಲಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಹೀಟರ್ ಬೇಕೇ ಬೇಕು. ಮರಿಗಳು ಮೇಲೆ ಬಂದು ಗಾಳಿ ಕುಡಿಯತೊಡಗಿದಾಗ ತಣ್ಣನೆ ಗಾಳಿ ತಾಗಬಾರದು, ಗಾಜಿನ ಮುಚ್ಚಳವನ್ನು ಆರು ವಾರದವರೆಗೆ ತೆಗೆದಿಡಬೇಡಿ.