ಫೊರೆನ್ಸಿಕ್ ಕೆಮಿಸ್ಟ್ ಕೆಲಸ ಮನೆಯಿಂದ ಮಾಡೋಕಾಗುತ್ತಾ?

ಕೆಮಿಸ್ಟ್ರಿ ಎಂಎಸ್ಸಿ ಮುಗೀತಾ ಇದೆ, ಫೊರೆನ್ಸಿಕ್ ಕಡೆ ಹೋಗೋ ಆಸೆ, ಆದ್ರೆ ಮನೇಲಿ ನೋಡ್ಕೋಬೇಕಾದವ್ರು ಇದಾರೆ, ಅದಕ್ಕೆ ಪೂರ್ತಿ ರಿಮೋಟ್ ಆಗಿ ಮಾಡೋ ಕೆಲಸ ಇದ್ಯಾ ಅಂತ ಕೇಳಿದೀರ. ನಾನು ಮೊದಲು ಲ್ಯಾಬ್‌ನಲ್ಲಿ ಬೆಂಚ್ ಕೆಲಸ ಮಾಡ್ತಿದ್ದೆ, ಡ್ರಗ್ಸೂ ಟಾಕ್ಸಿಕಾಲಜಿಯೂ (ರಕ್ತದಲ್ಲಿರೋ ವಿಷ, ಔಷಧಿಗಳ ಪರೀಕ್ಷೆ) ಎರಡೂ, ಈಗ ಹೆಚ್ಚಿನ ಕೆಲಸ ಮನೆಯಿಂದಾನೇ, ಬೇರೆಯವರ ಡೇಟಾ ರಿವ್ಯೂ ಮಾಡೋದು, ಅಭಿಪ್ರಾಯ ವರದಿ ಬರೆಯೋದು. ಹಾಗಾಗಿ ಸುತ್ತಿ ಬಳಸದೆ ಹೇಳ್ಬಿಡ್ತೀನಿ. ಪರೀಕ್ಷೆಗೆ ಅಂತ ಬರೋ ಸಾಕ್ಷ್ಯದ ಸೀಲ್ ಆಗಿರೋ ಪೊಟ್ಟಣ ಒಡೆಯೋ ಕೆಲಸ ಮನೆಯಿಂದ ಆಗಲ್ಲ, ಆಗಲೂಬಾರದು. ಒಡೆದು ಪರೀಕ್ಷೆ ಮಾಡಿದ ಮೇಲೆ ಬರೋ ಡೇಟಾ ಓದೋ ಕೆಲಸ ಧಾರಾಳವಾಗಿ ಆಗುತ್ತೆ. ಆದ್ರೆ ಮೊದಲನೇದನ್ನ ಮಾಡದೇ ಇರೋರಿಗೆ ಎರಡನೇದನ್ನ ಯಾರೂ ನಂಬಿ ಕೊಡಲ್ಲ, ಕೊಡದೇ ಇರೋದೇ ಸರಿ ಅಂತ ನನ್ನ ಅಭಿಪ್ರಾಯ.

ತುಂಬಾ ಜನ ಅನ್ಕೊಂಡಿರೋದು ಅಡ್ಡಿ ಇರೋದು ಮೆಷಿನ್‌ನಲ್ಲಿ, ಅದನ್ನ ದೂರದಿಂದ ನಡೆಸೋಕಾಗಲ್ಲ ಅಂತ. ಅದು ನಿಜ ಅಲ್ಲ. 2012ರ ಆಗಸ್ಟ್‌ನಲ್ಲಿ ಮಂಗಳ ಗ್ರಹದ ಮೇಲೆ ಇಳಿದ ಕ್ಯೂರಿಯಾಸಿಟಿ ರೋವರ್ ಒಳಗೆ ಸ್ಯಾಮ್ ಅನ್ನೋ ಪುಟ್ಟ ಲ್ಯಾಬ್ ಇದೆ, ಅದ್ರಲ್ಲಿ ಮಿಶ್ರಣದಲ್ಲಿರೋದನ್ನ ಬೇರೆ ಬೇರೆ ಮಾಡೋ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಇದೆ, ಅಣುಗಳನ್ನ ತೂಕದಿಂದ ಗುರುತಿಸೋ ಮಾಸ್ ಸ್ಪೆಕ್ಟ್ರೋಮೀಟರ್ ಇದೆ, ಇಲ್ಲಿ ಕೂತ ವಿಜ್ಞಾನಿಗಳು ಕಮಾಂಡ್ ಕಳಿಸ್ತಾರೆ, ಅಲ್ಲಿಂದ ಡೇಟಾ ಬರುತ್ತೆ. ನಾವು ವಶಪಡಿಸಿಕೊಂಡ ಪುಡಿ ಏನು ಅಂತ ಗುರುತಿಸೋಕೆ ಬಳಸೋ ಜಿಸಿ-ಎಂಎಸ್, ಅಂದ್ರೆ ಆ ಎರಡನ್ನೂ ಸೇರಿಸಿದ ಮೆಷಿನ್, ಕೂಡ ಅದೇ ಜಾತಿಯ ಉಪಕರಣ. ಸ್ಯಾಂಪಲ್‌ಗಳನ್ನ ತಾನೇ ಒಂದೊಂದಾಗಿ ಹಾಕೋ ಆಟೋಸ್ಯಾಂಪ್ಲರ್‌ಗೆ ವಯಲ್‌ಗಳನ್ನ (ಪುಟ್ಟ ಸೀಸೆಗಳನ್ನ) ತುಂಬಿಸಿಟ್ಟು ಹೋದ್ರೆ ರಾತ್ರಿಯೆಲ್ಲ ಅದರ ಪಾಡಿಗೆ ಅದು ಓಡುತ್ತೆ, ಓಡ್ತಾ ಇದ್ಯಾ ಇಲ್ವಾ ಅಂತ ಮನೆಯಿಂದ ನೋಡಬಹುದು. ವ್ಯತ್ಯಾಸ ಎಲ್ಲಿದೆ ಅಂದ್ರೆ ಮಂಗಳದ ಮಣ್ಣಿನ ಫಲಿತಾಂಶದಿಂದ ಯಾರೂ ಜೈಲಿಗೆ ಹೋಗಲ್ಲ. ನಮ್ಮದ್ರಿಂದ ಹೋಗ್ತಾರೆ.

ಅದಕ್ಕೇ ಚೈನ್ ಆಫ್ ಕಸ್ಟಡಿ ಅನ್ನೋದು. ಪೊಟ್ಟಣ ಯಾರು ತಂದ್ರು, ಯಾರು ತಗೊಂಡ್ರು, ಎಷ್ಟು ಹೊತ್ತಿಗೆ, ಸೀಲ್ ಸರಿಯಾಗಿತ್ತಾ, ಪೊಟ್ಟಣದ ಸಮೇತ ತೂಕ ಎಷ್ಟು, ಒಳಗಿಂದು ಮಾತ್ರ ಎಷ್ಟು, ಎಷ್ಟು ತೆಗೆದ್ರಿ, ಉಳಿದದ್ದು ಎಲ್ಲಿಗೆ ಹೋಯ್ತು, ಎಲ್ಲಾ ಬರವಣಿಗೇಲಿ ಇರಬೇಕು. ಪೊಟ್ಟಣ ಕತ್ತರಿಸೋವಾಗ್ಲೂ ಹಳೇ ಸೀಲ್ ಮೇಲೆ ಕೈ ಹಾಕಲ್ಲ, ಬೇರೆ ಕಡೆ ಕತ್ತರಿಸ್ತೀವಿ, ಯಾಕಂದ್ರೆ ಮೊದಲು ಸೀಲ್ ಹಾಕಿದವರ ಸಹಿ ಹಾಗೇ ಉಳೀಬೇಕು, ಕೋರ್ಟಲ್ಲಿ ಅವ್ರು ಬಂದು ಹೌದು ಇದು ನನ್ನದೇ ಸಹಿ ಅನ್ನಬೇಕು. ಈಗ ಇದನ್ನೆಲ್ಲ ನಿಮ್ಮ ಮನೆ ರೂಮಲ್ಲಿ ಮಾಡ್ತೀರ ಅಂತ ಇಟ್ಕೊಳ್ಳಿ, ಪಾಟಿ ಸವಾಲಲ್ಲಿ ಮೊದಲನೇ ಪ್ರಶ್ನೆಯೇ ಮನೇಲಿ ಇನ್ಯಾರ್ಯಾರು ಇದ್ರು, ಬೀಗದ ಕೈ ಯಾರ ಹತ್ರ ಇತ್ತು ಅಂತ ಬರುತ್ತೆ, ಅಲ್ಲಿಗೆ ಕೇಸು ಮುಗೀತು. ಲ್ಯಾಬ್‌ಗಳಿಗೆ ಮಾನ್ಯತೆ ಕೊಡೋ ಐಎಸ್ಒ 17025 ಅನ್ನೋ ಮಾನದಂಡ ಇದೆ, 2017ರ ಆವೃತ್ತಿ, ಅದರ ಪ್ರಕಾರ ಲ್ಯಾಬ್‌ನ ಸ್ವಂತ ಜಾಗ ಬಿಟ್ಟು ಬೇರೆ ಕಡೆ ಪರೀಕ್ಷೆ ಮಾಡಿದ್ರೂ ಜಾಗದ ಬಗ್ಗೆ ಇರೋ ಷರತ್ತುಗಳು ಅಲ್ಲೂ ಪಾಲನೆ ಆಗಬೇಕು. ವಿಷದ ಅಪಾಯ, ಫ್ಯೂಮ್ ಹುಡ್, ರೆಫರೆನ್ಸ್ ಡ್ರಗ್ಸ್ ಇಟ್ಕೊಳ್ಳೋಕೆ ಬೇಕಾದ ಲೈಸೆನ್ಸ್ ಇವೆಲ್ಲ ಇನ್ನೊಂದು ಕಡೆ.

ಇಷ್ಟೊಂದು ಕಟ್ಟುನಿಟ್ಟು ಯಾಕೆ ಅಂತ ಅನ್ನಿಸಿದ್ರೆ ಮ್ಯಾಸಚೂಸೆಟ್ಸ್‌ನಲ್ಲಿ ಆಗಿದ್ದನ್ನ ಒಂದ್ಸಲ ಓದಿ. ಸರ್ಕಾರಿ ಲ್ಯಾಬ್‌ನ ಒಬ್ಬರು ಕೆಮಿಸ್ಟ್ ಸ್ಯಾಂಪಲ್‌ಗಳನ್ನ ಪರೀಕ್ಷೆ ಮಾಡದೇನೇ ಫಲಿತಾಂಶ ಬರೀತಿದ್ರು, ಅದು ಬಯಲಾಗಿ 2017ರಲ್ಲಿ 21,000ಕ್ಕೂ ಹೆಚ್ಚು ಡ್ರಗ್ಸ್ ಕೇಸುಗಳು ವಜಾ ಆದ್ವು. ಬೀಗ, ರಿಜಿಸ್ಟರು, ಮೇಲಧಿಕಾರಿಗಳು ಎಲ್ಲಾ ಇದ್ದ ಲ್ಯಾಬ್ ಒಳಗೇ ಹೀಗಾಯ್ತು ಅನ್ನೋದು ನೆನಪಲ್ಲಿರಲಿ. ಅಷ್ಟೂ ಕೇಸುಗಳ ಹಿಂದೆ ಮನುಷ್ಯರಿದ್ರು, ಎಷ್ಟೋ ಜನ ಆಗಲೇ ಶಿಕ್ಷೆ ಅನುಭವಿಸಿ ಮುಗಿಸಿದ್ರು.

ಇನ್ನೊಂದು ವಿಷಯ ಕೋರ್ಟು. ಡೇಟಾ ನಾನು ಮನೆಯಿಂದ ಓದಿದೆ ಸರಿ, ನಾಳೆ ಕಟಕಟೇಲಿ ನಿಂತು ಹೇಳೋದು ಯಾರು? ಇದರ ಬಗ್ಗೆ ಅಮೆರಿಕದ ಸುಪ್ರೀಂ ಕೋರ್ಟ್ ಮೂರು ದೊಡ್ಡ ತೀರ್ಪು ಕೊಟ್ಟಿದೆ, ಬೇರೆ ದೇಶದಲ್ಲಿ ಕೆಲಸ ಮಾಡೋರೂ ಅದನ್ನ ತಿಳ್ಕೊಂಡಿದ್ರೆ ಒಳ್ಳೇದು. 2009ರ ಮೆಲೆಂಡೆಝ್-ಡಯಾಝ್ ಕೇಸಲ್ಲಿ ಬರೀ ಸರ್ಟಿಫಿಕೇಟ್ ಕಳಿಸಿದ್ರೆ ಸಾಲದು, ಅನಲಿಸ್ಟ್ ಬಂದು ಪಾಟಿ ಸವಾಲಿಗೆ ಸಿಗಬೇಕು ಅಂತ ಆಯ್ತು. 2011ರ ಬುಲ್‌ಕಮಿಂಗ್ ಕೇಸು ರಕ್ತದ ಆಲ್ಕೊಹಾಲ್ ವರದಿಯದ್ದು, ಆ ಪರೀಕ್ಷೇನ ಮಾಡದೇ ಇದ್ದ, ನೋಡಿಯೂ ಇರದಿದ್ದ ಬೇರೆ ಅನಲಿಸ್ಟನ್ನ ಕಳಿಸಿದ್ರು, ಆಗಲ್ಲ ಅಂತ ಹೇಳಿತು. 2024ರ ಸ್ಮಿತ್ ಕೇಸಲ್ಲಿ ಇನ್ನೂ ಮುಂದೆ ಹೋಗಿ, ಬಂದಿಲ್ಲದ ಅನಲಿಸ್ಟ್‌ನ ನೋಟ್ಸನ್ನ ಆಧಾರ ಮಾಡ್ಕೊಂಡು ತಜ್ಞರು ಅಭಿಪ್ರಾಯ ಕೊಟ್ರೆ ಆ ನೋಟ್ಸ್‌ನಲ್ಲಿ ಇರೋದು ನಿಜ ಅಂತಾನೇ ಕೋರ್ಟ್ ಮುಂದೆ ಇಟ್ಟ ಹಾಗಾಗುತ್ತೆ ಅಂತ ಹೇಳಿತು. ಅಂದ್ರೆ ಒಬ್ಬರು ಬೆಂಚಲ್ಲಿ ಮಾಡಿ ಇನ್ನೊಬ್ಬರು ಮನೇಲಿ ಕೂತು ಬರೆದು ಸಹಿ ಹಾಕೋ ಪದ್ಧತಿಗೆ ಅಲ್ಲಿ ಕಾನೂನೇ ಅಡ್ಡ ಬರಬಹುದು. ಪರೀಕ್ಷೆ ವರದಿಗೆ ಸಹಿ ಹಾಕೋರು ಕೈಯಾರೆ ಮಾಡಿದವರೇ ಆಗಿದ್ರೆ ಒಳ್ಳೇದು.

ಹಾಗಾದ್ರೆ ರಿಮೋಟ್‌ಗೆ ಏನು ಉಳೀತು? ನಿಜವಾಗ್ಲೂ ಸಾಕಷ್ಟಿದೆ.

ನನ್ನ ಕೆಲಸದಲ್ಲಿ ದೊಡ್ಡ ಪಾಲು ಟೆಕ್ನಿಕಲ್ ರಿವ್ಯೂ. ಬೆಂಚಲ್ಲಿ ಇರೋ ಕೆಮಿಸ್ಟ್ ಪರೀಕ್ಷೆ ಮಾಡಿ ವರದಿ ಕರಡು ಬರೀತಾರೆ, ಅದು ಹೊರಗೆ ಹೋಗೋ ಮುಂಚೆ ಇನ್ನೊಬ್ಬ ಅರ್ಹ ಕೆಮಿಸ್ಟ್ ಮೂಲ ಡೇಟಾ ತೆಗೆದು ನೋಡಿ ಈ ತೀರ್ಮಾನಕ್ಕೆ ಆಧಾರ ಇದ್ಯಾ ಅಂತ ಹೇಳಬೇಕು. ಕ್ರೊಮ್ಯಾಟೋಗ್ರಾಮು, ಸ್ಪೆಕ್ಟ್ರಮು, ತೂಕದ ದಾಖಲೆ, ಬೆಂಚ್ ನೋಟ್ಸು ಎಲ್ಲಾ ಸಿಸ್ಟಮ್‌ನಲ್ಲಿ ಇರುತ್ತೆ, ವಿಪಿಎನ್ ಮೂಲಕ ಓದಬಹುದು. ನಾನು ಮೊಟ್ಟಮೊದಲು ತೆಗೆಯೋದು ಸ್ಯಾಂಪಲ್ ಅಲ್ಲ, ಅದರ ಹಿಂದಿನ ಬ್ಲಾಂಕ್. ಬರೀ ಸಾಲ್ವೆಂಟ್ ಹಾಕಿದ ಆ ರನ್ನಲ್ಲಿ ಕೊಕೇನ್ ಪೀಕು (ನಕ್ಷೇಲಿ ಮೇಲೇಳೋ ಗೆರೆ) ಒಂಚೂರು ಕಂಡ್ರೂ ಹಿಂದಿನ ಸ್ಯಾಂಪಲ್‌ದು ಸೂಜೀಲೋ ಲೈನರ್‌ನಲ್ಲೋ (ಸ್ಯಾಂಪಲ್ ಒಳಗೆ ಹೋಗೋ ಗಾಜಿನ ಕೊಳವೆ) ಉಳಿದು ಮುಂದಿನದಕ್ಕೆ ಬಂದಿರಬಹುದು ಅಂತ ಅರ್ಥ. ಆಮೇಲೆ ಮಾಸ್ ಸ್ಪೆಕ್ಟ್ರಮ್, ಅಂದ್ರೆ ಅಣು ಒಡೆದಾಗ ಬರೋ ಚೂರುಗಳ ತೂಕದ ನಕ್ಷೆ. ಮೆಥಾಂಫೆಟಮೈನ್ ಅನ್ನೋ ಮಾದಕ ವಸ್ತು ಮತ್ತು ತೂಕ ಇಳಿಸೋಕೆ ಡಾಕ್ಟ್ರು ಬರೆದುಕೊಡೋ ಫೆಂಟರ್ಮಿನ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಎರಡರದ್ದೂ ಒಂದೇ ಅಣುಸೂತ್ರ, ಅಣುತೂಕ 149, ಮಾಸ್ ಸ್ಪೆಕ್ಟ್ರಮ್‌ನಲ್ಲಿ ಎರಡರಲ್ಲೂ 58ರ ಪೀಕು ಆಕಾಶಕ್ಕೆ ಎದ್ದಿರುತ್ತೆ, ಪಕ್ಕದಲ್ಲಿ ಸಣ್ಣದಾಗಿ 91. ಸಾಫ್ಟ್‌ವೇರ್ ಲೈಬ್ರರಿ ಏನೋ ಒಂದು ಹೆಸರು ಕೊಡುತ್ತೆ, ಅದನ್ನ ಕಣ್ಮುಚ್ಚಿ ಒಪ್ಪಿದ್ರೆ ಕಾನೂನುಬದ್ಧ ಮಾತ್ರೆ ಇಟ್ಕೊಂಡೋರು ಅಪರಾಧಿ ಆಗಿಬಿಡ್ತಾರೆ. ರಿಟೆನ್ಷನ್ ಟೈಮನ್ನ, ಅಂದ್ರೆ ಮೆಷಿನ್‌ನಿಂದ ಹೊರಬರೋಕೆ ತಗೊಂಡ ಸಮಯಾನ, ಅದೇ ದಿನ ಓಡಿಸಿದ ಸ್ಟ್ಯಾಂಡರ್ಡ್ (ಇದೇ ಅಂತ ಗೊತ್ತಿರೋ ಶುದ್ಧ ವಸ್ತು) ಜೊತೆ ಹೋಲಿಸ್ಬೇಕು, ಇನ್ಫ್ರಾರೆಡ್ ಸ್ಪೆಕ್ಟ್ರಮ್ ನೋಡ್ಬೇಕು. ಡ್ರಗ್ಸ್ ಪರೀಕ್ಷೆಗೆ ಮಾರ್ಗಸೂಚಿ ಕೊಡೋ ಸ್ವಿಗ್‌ಡ್ರಗ್ ಕೂಡ ಇದನ್ನೇ ಹೇಳೋದು, ಮಾಸ್ ಸ್ಪೆಕ್ಟ್ರೋಮೆಟ್ರಿ ಥರದ ಬಲವಾದ ವಿಧಾನ ಬಳಸಿದ್ರೂ ಜೊತೆಗೆ ಕನಿಷ್ಠ ಇನ್ನೊಂದು ವಿಧಾನ ಇರ್ಲೇಬೇಕು ಅಂತ. ಫೆಂಟನಿಲ್ ಅನ್ನೋ ಪ್ರಬಲ ಮಾದಕದ ಸಂಬಂಧಿಗಳಾದ ಫ್ಲೋರೋಫೆಂಟನಿಲ್‌ಗಳಲ್ಲೂ ಇದೇ ಕಷ್ಟ, ಆರ್ಥೊ, ಮೆಟಾ, ಪ್ಯಾರಾ ಅನ್ನೋ ಮೂರು ರೂಪಗಳ ಮಾಸ್ ಸ್ಪೆಕ್ಟ್ರಮೂ ಹೆಚ್ಚೂಕಡಿಮೆ ಒಂದೇ ಥರ ಕಾಣುತ್ತೆ. ಇದಕ್ಕೆ ತಾಳ್ಮೆ ಬೇಕು, ನಿಶ್ಶಬ್ದವಾದ ರೂಮ್ ಬೇಕು, ಇದಂತೂ ಲ್ಯಾಬ್ ಗಲಾಟೆಗಿಂತ ಮನೇಲೇ ಚೆನ್ನಾಗಿ ಆಗುತ್ತೆ.

ಎರಡನೇದು ಟಾಕ್ಸಿಕಾಲಜಿ ಅಭಿಪ್ರಾಯ. ರಕ್ತದಲ್ಲಿ ಎಷ್ಟಿದೆ ಅನ್ನೋ ಸಂಖ್ಯೆ ಲ್ಯಾಬ್ ಕೊಡುತ್ತೆ, ಅದಕ್ಕೆ ಏನರ್ಥ ಅಂತ ಹೇಳೋಕೆ ಕಾಗದ, ಕ್ಯಾಲ್ಕ್ಯುಲೇಟರ್, ಓದು ಸಾಕು. ಉದಾಹರಣೆಗೆ ಆಕ್ಸಿಡೆಂಟ್ ಆದ 2 ಗಂಟೆ ಮೇಲೆ ರಕ್ತ ತೆಗೆದ್ರು, 100 ಮಿ.ಲೀ.ಗೆ 70 ಮಿ.ಗ್ರಾಂ. ಆಲ್ಕೊಹಾಲ್ ಬಂತು. ದೇಹ ಸಾಮಾನ್ಯವಾಗಿ ಗಂಟೆಗೆ 10ರಿಂದ 25 ಮಿ.ಗ್ರಾಂ. ಇಳಿಸುತ್ತೆ ಅಂತ ಇಟ್ಕೊಂಡ್ರೆ ಆಕ್ಸಿಡೆಂಟ್ ಹೊತ್ತಿಗೆ 90ರಿಂದ 120ರ ನಡುವೆ ಇದ್ದಿರಬೇಕು. ಆದ್ರೆ ಅಷ್ಟೊತ್ತಿಗಾಗಲೇ ಕುಡಿದದ್ದು ಪೂರ್ತಿ ರಕ್ತಕ್ಕೆ ಸೇರಿದ್ರೆ ಮಾತ್ರ ಈ ಲೆಕ್ಕ ನಿಲ್ಲುತ್ತೆ, ಕೊನೇ ಗ್ಲಾಸ್ ಆಗ ತಾನೇ ಮುಗಿಸಿದ್ರೆ ನಿಲ್ಲಲ್ಲ, ಆ ಮಾತನ್ನ ವರದೀಲಿ ಬರೀಲೇಬೇಕು, ನಿಮಗೆ ಕೆಲಸ ಕೊಟ್ಟ ವಕೀಲರಿಗೆ ಇಷ್ಟ ಆಗ್ಲಿ ಬಿಡ್ಲಿ. ಸತ್ತವರ ರಕ್ತ ಇನ್ನೂ ಸೂಕ್ಷ್ಮ. ಖಿನ್ನತೆಗೆ ಕೊಡೋ ಅಮಿಟ್ರಿಪ್ಟಿಲಿನ್ ಥರದ ಔಷಧಿಗಳು ಸಾವಿನ ನಂತರ ಅಂಗಾಂಶಗಳಿಂದ ಹೃದಯದ ರಕ್ತಕ್ಕೆ ಇಳಿದು ಪ್ರಮಾಣ ಜಾಸ್ತಿ ತೋರಿಸುತ್ತವೆ, ಅದಕ್ಕೇ ತೊಡೆಯ ರಕ್ತನಾಳದಿಂದ ತೆಗೆದ ರಕ್ತ ಕೇಳೋದು. ಹೃದಯದ ರಕ್ತದ ಸಂಖ್ಯೆ ನೋಡಿ ಆತ್ಮಹತ್ಯೆ ಅಂತ ಬರೆದ್ರೆ ಒಂದು ಕುಟುಂಬ ಜೀವನಪೂರ್ತಿ ಆ ಮಾತು ಹೊತ್ಕೊಂಡು ಓಡಾಡುತ್ತೆ. ಆರೋಪಿ ಪರ ವಕೀಲರಿಗೆ ಲ್ಯಾಬ್ ದಾಖಲೆಗಳನ್ನ ಓದಿ ಹೇಳೋ ಕನ್ಸಲ್ಟೆಂಟ್‌ಗಳೂ ಬಹುತೇಕ ಮನೆಯಿಂದಾನೇ ಕೆಲಸ ಮಾಡೋದು, ಅವ್ರು ಬೇಕೇ ಬೇಕು ಅಂತ ನಾನು ಗಟ್ಟಿಯಾಗಿ ನಂಬ್ತೀನಿ.

ಮೂರನೇದು ಹೆಚ್ಚು ಜನಕ್ಕೆ ಗೊತ್ತಿಲ್ಲ, ರೀಚ್‌ಬ್ಯಾಕ್ ಅಂತ ಕರೀತಾರೆ. ಗಡೀಲೋ ಬಂದರಲ್ಲೋ ಇರೋ ಸಿಬ್ಬಂದಿ ಕೈಯಲ್ಲಿ ಹಿಡಿಯೋ ರಾಮನ್ ಉಪಕರಣದಲ್ಲಿ (ಲೇಸರ್ ಬೆಳಕು ಬಿಟ್ಟು ವಸ್ತು ಗುರುತಿಸೋದು) ಅನುಮಾನದ ಪುಡೀನ ಸ್ಕ್ಯಾನ್ ಮಾಡಿ ಸ್ಪೆಕ್ಟ್ರಮ್ ಕಳಿಸ್ತಾರೆ, ದೂರದಲ್ಲಿ ಕೂತ ಕೆಮಿಸ್ಟ್ ಅದನ್ನ ನೋಡಿ ಏನಿರಬಹುದು ಅಂತ ತಕ್ಷಣ ಹೇಳ್ತಾರೆ. ಅಮೆರಿಕದ ಕಸ್ಟಮ್ಸ್ ಮತ್ತು ಗಡಿ ಇಲಾಖೆ ಇದಕ್ಕೇ ಅಂತ ಟೆಲಿಫೊರೆನ್ಸಿಕ್ ಸೆಂಟರ್ ಇಟ್ಟಿದೆ. ಸ್ಯಾಂಪಲ್‌ನಿಂದ ದೂರ ಅಂತೂ ಹೌದು, ಆದ್ರೆ ಮನೆಯಿಂದ ಅಂತ ಅನ್ಕೋಬೇಡಿ, ಸೆಂಟರ್‌ಗೆ ಹೋಗಿ ಶಿಫ್ಟ್ ಮಾಡೋ ಥರದ್ದು. ಇದು ಅಂತಿಮ ಫಲಿತಾಂಶವೂ ಅಲ್ಲ, ಪುಡೀಲಿ ಫೆಂಟನಿಲ್ ಸ್ವಲ್ಪವೇ ಇದ್ದು ಉಳಿದದ್ದು ಸಕ್ಕರೆ ಆಗಿದ್ರೆ ರಾಮನ್‌ಗೆ ಸಕ್ಕರೆ ಮಾತ್ರ ಕಾಣಬಹುದು. ಜೊತೆಗೆ ಕಪ್ಪು ಬಣ್ಣದ ಸ್ಫೋಟಕದ ಮೇಲೆ ಲೇಸರ್ ಬಿಟ್ರೆ ಕಾದು ಹೊತ್ತಿಕೊಳ್ಳೋ ಅಪಾಯ ಇದೆ, ಅಲ್ಲಿ ನಿಂತಿರೋ ಮನುಷ್ಯನಿಗೆ ಅದನ್ನ ಮೊದಲೇ ಹೇಳೋ ಜವಾಬ್ದಾರಿ ದೂರದಲ್ಲಿ ಕೂತೋರದ್ದು.

ಇವು ಬಿಟ್ರೆ ಎಸ್ಒಪಿ (ಕೆಲಸ ಮಾಡೋ ವಿಧಾನದ ಲಿಖಿತ ಸೂಚನೆ) ಬರೆಯೋದು, ಮೆಥಡ್ ವ್ಯಾಲಿಡೇಶನ್ (ಪರೀಕ್ಷಾ ವಿಧಾನ ನಂಬಬಹುದಾ ಅಂತ ಸಾಬೀತು ಮಾಡೋ) ಲೆಕ್ಕ, ಆಡಿಟ್ ತಯಾರಿ, ಟ್ರೈನಿಂಗ್, ಉಪಕರಣ ಕಂಪನಿಗಳ ಸಪೋರ್ಟ್ ಕೆಲಸ, ಹೀಗೆ ಇನ್ನೂ ಇವೆ.

ಮನೆ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಬಾಗಿಲು ಹಾಕ್ಕೊಳ್ಳೋ ರೂಮ್ ಇಲ್ಲದೇ ಈ ಕೆಲಸ ಒಪ್ಕೋಬೇಡಿ. ಪರದೆ ಮೇಲೆ ಇರೋದು ಸತ್ತವರ ಹೆಸರು, ಆರೋಪಿಗಳ ಹೆಸರು, ಕೆಲವೊಮ್ಮೆ ಶವಪರೀಕ್ಷೆ ಫೋಟೋ, ಅದು ಮನೆ ಮಕ್ಕಳ ಕಣ್ಣಿಗೂ ಬೀಳಬಾರದು, ಮನೆ ಪ್ರಿಂಟರ್‌ನಲ್ಲೂ ಬರಬಾರದು, ಊಟದ ಹೊತ್ತಲ್ಲಿ ಮಾತಾಗ್ಲೂಬಾರದು. ಕಷ್ಟದ ಕೇಸ್ ಓದಿದ ದಿನ ಪಕ್ಕದ ಬೆಂಚಿನವರ ಹತ್ರ ಎರಡು ಮಾತಾಡಿ ಹಗುರ ಆಗೋ ಅವಕಾಶಾನೂ ಇಲ್ಲ, ಅದಕ್ಕೆ ನಾನು ಲ್ಯಾಬ್‌ನ ಸಹೋದ್ಯೋಗಿಗಳಿಗೆ ಆಗಾಗ ಫೋನ್ ಮಾಡ್ತಾನೇ ಇರ್ತೀನಿ.

ನಿಮ್ಮ ವಿಷಯಕ್ಕೆ ಬರೋದಾದ್ರೆ, ಮೊದಲ ಕೆಲವು ವರ್ಷ ಬೆಂಚಿಗೆ ಹೋಗೋ ದಾರಿ ಹೇಗಾದ್ರೂ ಮಾಡ್ಕೊಳ್ಳಿ. ಲೈನರ್ ಕೊಳೆಯಾದ್ರೆ ಪೀಕು ಹೇಗೆ ಬಾಲ ಬಿಡುತ್ತೆ ಅನ್ನೋದು ಕೈಯಾರೆ ಲೈನರ್ ಬದಲಾಯಿಸಿದವರಿಗೆ ಪರದೆ ನೋಡಿದ ತಕ್ಷಣ ಗೊತ್ತಾಗುತ್ತೆ, ಓದಿ ಮಾತ್ರ ಕಲಿತವರಿಗೆ ಅನುಮಾನ ಕೂಡ ಬರಲ್ಲ. ಈಗಿಂದಾನೇ ಸ್ವಿಗ್‌ಡ್ರಗ್‌ನ ಮಾಸ್ ಸ್ಪೆಕ್ಟ್ರಲ್ ಲೈಬ್ರರಿ ಇಳಿಸ್ಕೊಂಡು, ಅದು ಉಚಿತ, ಹೆಸರು ಮುಚ್ಚಿಟ್ಟು ಸ್ಪೆಕ್ಟ್ರಮ್ ಓದೋ ಅಭ್ಯಾಸ ಮಾಡಿ. ಅನುಭವ ಬೇಡ, ಮೊದಲ ದಿನದಿಂದಾನೇ ಪೂರ್ತಿ ರಿಮೋಟ್ ಅಂತ ಜಾಹೀರಾತು ಕಂಡ್ರೆ, ಅದ್ರಲ್ಲೂ ಸ್ಯಾಂಪಲ್ ನಿಮ್ಮ ಮನೆಗೇ ಕಳಿಸ್ತೀವಿ ಅಂದ್ರೆ, ದಯವಿಟ್ಟು ದೂರ ಇರಿ. ಮನೆ ಬಿಟ್ಟು ಒಂದು ದಿನವೂ ಹೋಗೋಕಾಗಲ್ಲ ಅನ್ನೋ ಸ್ಥಿತಿ ಇದ್ರೆ ಸದ್ಯಕ್ಕೆ ಔಷಧ ಕಂಪನಿಗಳ ಡಾಕ್ಯುಮೆಂಟೇಶನ್, ರೆಗ್ಯುಲೇಟರಿ ಕೆಲಸ ನೋಡಿ, ಅಲ್ಲಿ ಕಲಿತ ಶಿಸ್ತು ಮುಂದೆ ಇಲ್ಲಿ ಉಪಯೋಗಕ್ಕೆ ಬರುತ್ತೆ. ಲ್ಯಾಬ್ ಇಂಟರ್ವ್ಯೂಗೆ ಹೋದಾಗ ವರ್ಕ್ ಫ್ರಮ್ ಹೋಮ್ ಇದ್ಯಾ ಅಂತ ಕೇಳೋ ಬದಲು ವರದಿ ಬರೆಯೋ ದಿನ, ರಿವ್ಯೂ ದಿನ ಬೆಂಚ್ ದಿನದಿಂದ ಬೇರೆ ಇರುತ್ತಾ, ಆ ದಿನಗಳಲ್ಲಿ ಲ್ಯಾಬ್‌ಗೆ ಬರ್ಲೇಬೇಕಾ ಅಂತ ಕೇಳಿ, ಅದಕ್ಕೆ ಅವ್ರು ಕೊಡೋ ಉತ್ತರದಲ್ಲೇ ಮನೆ ನಿಭಾಯಿಸ್ಕೊಂಡು ಅಲ್ಲಿ ಕೆಲಸ ಮಾಡೋಕಾಗುತ್ತಾ ಇಲ್ವಾ ಅಂತ ಗೊತ್ತಾಗುತ್ತೆ.